ಗವರ್ನರ್‌ಗೂ ಓಟಾ?

2021ರ ನವೆಂಬರ್ 2, ಮಂಗಳವಾರ. ಅಮೆರಿಕದ ವರ್ಜೀನಿಯಾ ರಾಜ್ಯದಲ್ಲಿರುವ ನಮಗೆ ಬೆಳಿಗ್ಗೆ, ಹಾಸನದಲ್ಲಿ ಸಂಜೆ. ಅಪ್ಪನ ಫೋನ್ ಬಂತು. ಓಟು ಹಾಕೋಕೆ ಹೊರಟಿದ್ದೀನಿ ಅಂದೆ.

"ಯಾವ ಎಲೆಕ್ಷನ್ನಮ್ಮ?"

"ಗವರ್ನರ್‌ದು."

"ಗವರ್ನರ್‌ಗೂ ಓಟಾ? ಅವರನ್ನ ದೆಲ್ಲಿಯಿಂದ ಕಳಿಸ್ತಾರಲ್ವಾ?"

ಇಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಜನರೇ ಆರಿಸುತ್ತಾರೆ ಎಂದು ಬಿಡಿಸಿ ಹೇಳಿದೆ. ವರ್ಜೀನಿಯಾದಲ್ಲಿ ಒಬ್ಬರೇ ಬೆನ್ನುಬೆನ್ನಿಗೆ ಎರಡು ಸಲ ಗವರ್ನರ್ ಆಗುವಂತಿಲ್ಲ. ನಡುವೆ ಬಿಟ್ಟು ಮತ್ತೆ ನಿಲ್ಲಬಹುದು. ಡೆಮಾಕ್ರಟಿಕ್ ಪಕ್ಷದ ಟೆರ್ರಿ ಮೆಕಾಲಿಫ್ ಹಾಗೆ ನಿಂತವರು. ಎದುರಿಗೆ ರಿಪಬ್ಲಿಕನ್ ಪಕ್ಷದ ಗ್ಲೆನ್ ಯಂಗ್‌ಕಿನ್. ಉದ್ಯಮಿ, ರಾಜಕೀಯಕ್ಕೆ ಹೊಸಬ.

ಎರಡು ತಿಂಗಳಿಂದ ನಮ್ಮ ಆಶ್‌ಬರ್ನ್ ಮನೆಯ ಅಂಚೆ ಡಬ್ಬಿ ಕರಪತ್ರಗಳಿಂದ ತುಂಬಿರುತ್ತಿತ್ತು. ಮೆಕಾಲಿಫ್ ಕಡೆಯ ಕಾಗದದಲ್ಲಿ ಯಂಗ್‌ಕಿನ್ ಪಕ್ಕದಲ್ಲಿ ಟ್ರಂಪ್ ಫೋಟೋ. ಟಿವಿ ಹಾಕಿದರೂ ಅದೇ. ಟ್ರಂಪ್ ಆ ವರ್ಷ ಯಾವುದಕ್ಕೂ ನಿಂತಿರಲಿಲ್ಲ. ಯಂಗ್‌ಕಿನ್ ಮಾತ್ರ ಕೆಂಪು ತೋಳಿಲ್ಲದ ಜಾಕೆಟ್ ಹಾಕಿಕೊಂಡು ಊರೂರು ಸುತ್ತಿ ದಿನಸಿ ಮೇಲಿನ ತೆರಿಗೆ ತೆಗೀತೀನಿ ಅನ್ನುತ್ತಿದ್ದರು. ಆ ತೆರಿಗೆ ಆಗ ಬರೀ 2.5 ಶೇಕಡಾ ಇತ್ತು. ಆದರೆ ಅದು ನಾನು ಪ್ರತಿ ವಾರ ಅಕ್ಕಿ, ಹಾಲು ತಂದ ಬಿಲ್ಲಿನಲ್ಲಿ ನೋಡುವ ಸಾಲು. ಕಣ್ಣಿಗೆ ಬೀಳುತ್ತಿತ್ತು.

ಅದಕ್ಕಿಂತ ಜಾಸ್ತಿ ನಾಟಿದ್ದು ಶಾಲೆಯ ಮಾತು. ಸೆಪ್ಟೆಂಬರ್ 28ರ ಚರ್ಚೆಯಲ್ಲಿ ಮೆಕಾಲಿಫ್, ಶಾಲೆಯಲ್ಲಿ ಏನು ಕಲಿಸಬೇಕು ಅಂತ ಅಪ್ಪ ಅಮ್ಮಂದಿರು ಹೇಳಬಾರದು ಅನ್ನುವ ಅರ್ಥದ ಮಾತಾಡಿದರು. ಮಾರನೇ ದಿನ ಪಕ್ಕದ ಮನೆಯ ಮೈಸೂರಿನ ಅಕ್ಕ ಕಾಫಿ ಲೋಟ ಹಿಡಿದವರು ಕುಡಿಯಲೇ ಇಲ್ಲ. "ಒಂದು ವರ್ಷ ಇದೇ ಡೈನಿಂಗ್ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು, ಪಕ್ಕದಲ್ಲಿ ಕೂತು ಮಗನಿಗೆ ಪಾಠ ಕೇಳಿಸಿದೀನಿ ಕಣೇ. ಈಗ ನಾನು ಬಾಯಿ ಬಿಡಬಾರದಾ?" ಹಿಂದಿನ ವರ್ಷ ಅಧ್ಯಕ್ಷರ ಚುನಾವಣೆಯಲ್ಲಿ ಮೆಕಾಲಿಫ್ ಪಕ್ಷದವರೇ ಆದ ಬೈಡನ್‌ಗೆ ಓಟು ಹಾಕಿದವರು ಅವರು. ಅವರ ಸಿಟ್ಟು ನನಗೆ ಅರ್ಥವಾಯಿತು. ಕೊರೊನಾ ಕಾಲದಲ್ಲಿ ನನ್ನ ಮಗಳು ಕ್ಯಾಮರಾ ಆಫ್ ಮಾಡಿ ಮೇಜಿನ ಮೇಲೆ ತಲೆಯಿಟ್ಟು ಮಲಗಿದ್ದ ಮಧ್ಯಾಹ್ನಗಳು ನನಗೂ ಮರೆತಿಲ್ಲ.

ಆದರೂ ನಾನು ಮೆಕಾಲಿಫ್ ಕಡೆಗೇ ಇದ್ದೆ. ಟೆಕ್ಸಾಸ್‌ನಲ್ಲಿ ಆರು ವಾರದ ನಂತರ ಗರ್ಭಪಾತ ತಡೆಯುವ ಕಾನೂನು ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತ್ತು. ಇಲ್ಲಿ ಹಾಗಾಗೋಕೆ ಬಿಡಲ್ಲ ಎಂದವರು ಅವರು. ಹೆಣ್ಣುಮಗು ಇರುವ ಮನೆ ನಮ್ಮದು. ನನಗೆ ಅದೇ ದೊಡ್ಡದಾಗಿ ಕಂಡಿತು.

ಅಕ್ಕ, ನಾನು ಒಂದೇ ಕಾರಿನಲ್ಲಿ ಹೋದೆವು. ಶಾಲೆಯ ಬಾಗಿಲಿನಿಂದ 40 ಅಡಿ ದೂರದಲ್ಲಿ ಎರಡೂ ಪಕ್ಷದವರು ಮಾದರಿ ಮತಪತ್ರ ಹಂಚುತ್ತಿದ್ದರು. ಅಕ್ಕ ಒಂದು ತಗೊಂಡರು, ನಾನು ಇನ್ನೊಂದು. ಒಳಗೆ ಪೆನ್ನಿನಿಂದ ಪುಟ್ಟ ಮೊಟ್ಟೆಯಾಕಾರವನ್ನು ತುಂಬಬೇಕು. ಗೆರೆ ದಾಟದ ಹಾಗೆ, ಮಕ್ಕಳು ಬಣ್ಣ ತುಂಬುವಾಗಿನಷ್ಟು ಜೋಪಾನವಾಗಿ ತುಂಬಿದೆ. ಯಂತ್ರ ಕಾಗದವನ್ನು ಸರ್ರನೆ ಒಳಗೆಳೆದುಕೊಂಡಿತು. ಬೆರಳಿಗೆ ಶಾಯಿ ಇಲ್ಲ, ಎದೆಗೊಂದು ಸ್ಟಿಕ್ಕರ್. ಅದನ್ನು ಅಂಟಿಸಿಕೊಂಡೇ ಇಬ್ಬರೂ ನಮ್ಮ ಮನೆಗೆ ಬಂದು ಉಪ್ಪಿಟ್ಟು ತಿಂದೆವು. ಯಾರಿಗೆ ಹಾಕಿದೆ ಅಂತ ಅವರು ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ಆ ರಾತ್ರಿ ಯಂಗ್‌ಕಿನ್ ಸುಮಾರು 2 ಶೇಕಡಾ ಅಂತರದಲ್ಲಿ ಗೆದ್ದರು. ಒಂದು ವರ್ಷದ ಹಿಂದೆ ಬೈಡನ್ ಸುಮಾರು 10 ಶೇಕಡಾ ಮುಂದಿದ್ದ ರಾಜ್ಯ ಇದು. ನಮ್ಮ ಲೌಡನ್ ಕೌಂಟಿಯಲ್ಲಿ, ಅಂದರೆ ನಮ್ಮ ಜಿಲ್ಲೆಯಲ್ಲಿ, ಮೆಕಾಲಿಫ್ ಅವರೇ ಮುಂದಿದ್ದರು, ಆದರೆ ಬೈಡನ್ ಪಡೆದಿದ್ದ ಮುನ್ನಡೆಯ ಅರ್ಧದಷ್ಟೂ ಉಳಿದಿರಲಿಲ್ಲ.

ಟಿವಿ ಆರಿಸಿದ ಮೇಲೂ ನಿದ್ದೆ ಬರಲಿಲ್ಲ. ಅಕ್ಟೋಬರ್‌ನಲ್ಲಿ ಮೆಕಾಲಿಫ್ ಪರವಾಗಿ ಮನೆಮನೆಗೆ ಬಂದ ಹುಡುಗ ನೆನಪಾದ. ಶಾಲೆಗಳ ಬಗ್ಗೆ ಏನು ಹೇಳ್ತೀರ ಅಂತ ನಾನು ಕೇಳಿದ್ದಕ್ಕೆ ಮತ್ತೆ ಟ್ರಂಪ್ ವಿಷಯವನ್ನೇ ಹೇಳಿದ್ದ. ಅಕ್ಕನ ಮನೆಗೂ ಹೋಗಿದ್ದನಂತೆ. "ಹೋದ ಸಲ ಬೈಡನ್‌ಗೆ ಹಾಕಿದ್ದೆ ಅಂದೆ ನೋಡು, ಫೋನಲ್ಲಿ ಟಿಕ್ ಮಾಡಿಕೊಂಡು ಹೊರಟೇಬಿಟ್ಟ" ಅಂದಿದ್ದರು ಅಕ್ಕ. "ಈ ಸಲ ಏನು ಅಂತ ಕೇಳಲೇ ಇಲ್ಲ ಕಣೇ."