ಎರಡು ಕೈಬರಹಗಳ ಪುಟ

ನಮ್ಮ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಇಬ್ಬರಿಗೆ ಒಂದು ಬ್ಯುರೆಟ್ (ದ್ರಾವಣವನ್ನು ಅಳೆದು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ), ಅಂಕಿ ಬರೆದುಕೊಳ್ಳಲು ಒಂದು ಪುಸ್ತಕ ಎಂಬ ಪದ್ಧತಿಯಿತ್ತು. ಎರಡನೆಯ ವರ್ಷದ ಆ ಪುಸ್ತಕ ಇಂದಿಗೂ ನನ್ನ ಬಳಿ ಇದೆ. ಅದರ ಒಂದು ಪುಟದಲ್ಲಿ ಪೊಟ್ಯಾಸಿಯಂ ಪರ್ಮಾಂಗನೇಟ್ ಮತ್ತು ಆಕ್ಸಾಲಿಕ್ ಆಮ್ಲದ ಟೈಟ್ರೇಷನ್ ಇದೆ, ಎಂದರೆ ಮೊದಲನೆಯದನ್ನು ಎರಡನೆಯದಕ್ಕೆ ಹನಿಹನಿಯಾಗಿ ಬಿಟ್ಟು, ಬಣ್ಣ ಮಾಸದೆ ನಿಲ್ಲುವ ತನಕ ಎಷ್ಟು ಬೇಕಾಯಿತೆಂದು ಅಳೆಯುವ ಪ್ರಯೋಗ. ಕೋಷ್ಟಕದ ಗೆರೆ, ಮೇಲಿನ ದಿನಾಂಕ, ಮೊದಲ ಸಾಲಿನ ಅಂಕಿ, ಇವಿಷ್ಟು ನನ್ನ ಗೆಳತಿಯ ದುಂಡನೆಯ ಅಕ್ಷರದಲ್ಲಿವೆ. 20.4 ಮಿಲಿಲೀಟರ್ ಎಂದು ಬರೆದಿದ್ದಾಳೆ. ಅಲ್ಲಿಂದ ಕೆಳಗಿನದೆಲ್ಲ ನನ್ನ ಬರಹ. ಮೊದಲ ಸಾಲಿಗೂ ಎರಡನೆಯ ಸಾಲಿಗೂ ನಡುವೆ ಇಪ್ಪತ್ತಾರು ದಿನಗಳಿವೆ. ಪುಟವನ್ನು ಸುಮ್ಮನೆ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ.

ಆ ದಿನ ಮೊದಲ ಅಂಕಿ ಬರೆಯುವ ಹೊತ್ತಿಗೆ ಗಂಟೆ ಬಾರಿಸಿತು. "ಉಳಿದದ್ದು ಮುಂದಿನ ವಾರ ನೀನು ಮಾಡು, ಬರೆಯುವುದು ನಾನು" ಎಂದಳು. ಫ್ಲಾಸ್ಕ್ ತೊಳೆದು ಬೋರಲು ಹಾಕಿದಳು. ತಲೆ ಸ್ವಲ್ಪ ನೋಯುತ್ತಿದೆ ಎಂದು ಹೇಳಿದ್ದಳು, ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜ್ವರ ಬಂದ ಒಂಬತ್ತನೆಯ ದಿನ ಅವಳು ತೀರಿಕೊಂಡಳು. ನಮಗಿಬ್ಬರಿಗೂ ಹತ್ತೊಂಬತ್ತು ವರ್ಷ.

ಆಮೇಲೆ ನಾನು ಉಳಿದ ತರಗತಿಗಳಿಗೆ ಹೋಗುತ್ತಿದ್ದೆ, ಪ್ರಯೋಗಾಲಯಕ್ಕೆ ಮಾತ್ರ ಕಾಲಿಡಲಿಲ್ಲ. ಆ ಮೇಜು, ಆ ಸ್ಟ್ಯಾಂಡ್, ಪಕ್ಕದಲ್ಲಿ ಖಾಲಿಯಾದ ಜಾಗ ನೆನೆದರೆ ಎದೆ ಬಿಗಿಯುತ್ತಿತ್ತು. ಸಮಾಧಾನ ಹೇಳಲು ಬಂದವರೆಲ್ಲ ಕಾಲ ಎಲ್ಲವನ್ನೂ ಮರೆಸುತ್ತದೆ ಎನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದರು. ಆದರೆ ಮರೆಯುವುದೆಂದರೆ ಅವಳನ್ನು ಇನ್ನೊಮ್ಮೆ ಕಳೆದುಕೊಂಡಂತೆ ಎಂದು ನನಗೆ ಅನಿಸುತ್ತಿತ್ತು. ಈಗಲೂ ಆ ಮಾತನ್ನು ನಾನು ಒಪ್ಪುವುದಿಲ್ಲ, ದುಃಖದಲ್ಲಿರುವ ಯಾರಿಗೂ ಹೇಳುವುದಿಲ್ಲ.

ಒಂದು ಮಧ್ಯಾಹ್ನ ನಮ್ಮ ರಸಾಯನಶಾಸ್ತ್ರದ ಸರ್ ನನ್ನನ್ನು ಕರೆಸಿದರು. ಹಾಜರಾತಿಯ ವಿಷಯ ಎತ್ತುತ್ತಾರೆ ಎಂದುಕೊಂಡು ಹೋದೆ. ಅವರು ಕಪಾಟಿನ ಒಳಮೂಲೆಯಿಂದ ಒಂದು ಕಂದು ಬಣ್ಣದ ಸೀಸೆಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದಕ್ಕೆ ಅಂಟಿಸಿದ ಚೀಟಿಯಲ್ಲಿ ಅವಳು ಕೊನೆಯ ಸಲ ಪ್ರಯೋಗ ಮಾಡಿದ ದಿನದ ತಾರೀಖಿತ್ತು.

"ಇದು ಅಂದಿನದೇ ದ್ರಾವಣ. ಬೆಳಕು ತಾಗಿದರೆ ಪರ್ಮಾಂಗನೇಟ್ ಕೆಡುತ್ತದೆ, ಅದಕ್ಕೇ ಕತ್ತಲಲ್ಲಿಟ್ಟಿದ್ದೆ. ನಿಮ್ಮ ಪ್ರಯೋಗ ಇನ್ನೂ ಮುಗಿದಿಲ್ಲವಲ್ಲ" ಎಂದರು.

ಯಾರೂ ಇಲ್ಲದ ಪ್ರಯೋಗಾಲಯದಲ್ಲಿ ನಾನು ಬ್ಯುರೆಟ್ ತುಂಬಿಸಿದೆ. ಪರ್ಮಾಂಗನೇಟಿನದು ಕಡು ನೇರಳೆ ಬಣ್ಣ, ದ್ರಾವಣದ ಕೆಳ ಅಂಚು ಕಾಣುವುದಿಲ್ಲ, ಮೇಲಿನ ಅಂಚನ್ನೇ ಓದಬೇಕು. ನನ್ನ ಕಣ್ಣಿಗೆ ಅದೂ ಸರಿಯಾಗಿ ಕಾಣುತ್ತಿರಲಿಲ್ಲ. ಆಮ್ಲವನ್ನು ಬಿಸಿ ಮಾಡಿ ಮೊದಲ ಹನಿಯನ್ನು ಬಿಟ್ಟೆ. ಬಣ್ಣ ಹಾಗೆಯೇ ನಿಂತಿತು. ಇನ್ನಷ್ಟು ಬಿಡಲು ಕೈ ಎತ್ತಿದೆ. ಸರ್ ತಡೆದರು.

"ನಿಲ್ಲು. ಈ ಹನಿಯ ಬಣ್ಣ ಹೋಗಲಿ, ಆಮೇಲೆ ಇನ್ನೊಂದು. ಮೊದಲ ಹನಿಗಳಿಗೆ ಯಾವಾಗಲೂ ಹೊತ್ತು ಹಿಡಿಯುತ್ತದೆ."

ಈ ಪ್ರಯೋಗ ಮಾಡಿದವರಿಗೆಲ್ಲ ಅದರ ಕಾರಣ ಗೊತ್ತು. ಈ ಕ್ರಿಯೆಯನ್ನು ಚುರುಕುಗೊಳಿಸುವುದು ಮ್ಯಾಂಗನೀಸ್ ಅಯಾನು. ಅದನ್ನು ನಾವು ಹೊರಗಿನಿಂದ ಹಾಕುವುದಿಲ್ಲ, ಕ್ರಿಯೆ ನಡೆಯುತ್ತಾ ಹೋದಂತೆ ಅದರೊಳಗೇ ಹುಟ್ಟುತ್ತದೆ. ಅದು ಹುಟ್ಟುವ ತನಕ ಕಾಯಬೇಕು. ಆತುರಪಟ್ಟು ಸುರಿದರೆ ಕಂದು ಗಸಿ ಎದ್ದು ಎಲ್ಲವೂ ಹಾಳು. ಸರ್ ಆ ಮಧ್ಯಾಹ್ನ ಸಾವಿನ ಬಗ್ಗೆ ಒಂದು ಮಾತನ್ನೂ ಆಡಲಿಲ್ಲ. ಹನಿಯ ಬಗ್ಗೆ ಮಾತ್ರ ಹೇಳಿದರು.

ನನ್ನ ಮೊದಲ ಅಂಕಿ 21.1 ಬಂತು. ಅವಳ ಅಂಕಿಗೆ ಹೊಂದುವುದಿಲ್ಲವೆಂದು ಅಳು ಬಂತು. "ಬಂದದ್ದನ್ನು ಬರೆ. ಅವಳ ಅಂಕಿಗೆ ಹೊಂದಿಸಲು ಏನನ್ನೂ ತಿದ್ದಬೇಡ" ಎಂದರು ಸರ್. ಬರೆದೆ. ಫ್ಲಾಸ್ಕ್ ತೊಳೆದು ಮತ್ತೆ ಮಾಡಿದೆ, 20.6. ಮತ್ತೊಮ್ಮೆ, 20.4. ಇನ್ನೊಮ್ಮೆ, 20.4. ನಸುಗೆಂಪು ಬಣ್ಣ ಅಲುಗಾಡಿಸಿದರೂ ಹೋಗದೆ ಅರ್ಧ ನಿಮಿಷ ನಿಂತಾಗ ಕಿಟಕಿಯ ಹೊರಗೆ ಸಂಜೆಯಾಗಿತ್ತು.

ಕೆಲವು ತಿಂಗಳ ನಂತರ ಆ ಪುಸ್ತಕವನ್ನು ಅವಳ ಅಮ್ಮನಿಗೆ ಕೊಡಲು ಹೋದೆ. ಅವರು ಅವಳ ಅಕ್ಷರದ ಮೇಲೆ ಬಹಳ ಹೊತ್ತು ಬೆರಳಿಟ್ಟುಕೊಂಡು ಕುಳಿತರು. ಮತ್ತೆ ಕೊನೆಯ ಸಾಲನ್ನು ತೋರಿಸಿ, "ನಿನಗೂ ಅಷ್ಟೇ ಬಂತಲ್ಲ" ಎಂದರು. ಪುಸ್ತಕವನ್ನು ನನ್ನ ಕೈಗೇ ಮರಳಿಸಿದರು.

ಆ ವರ್ಷ ನಾನು ಎರಡು ವಿಷಯಗಳಲ್ಲಿ ಅನುತ್ತೀರ್ಣಳಾದೆ. ಮುಂದಿನ ವರ್ಷ ಕಿರಿಯರ ಜೊತೆ ಕುಳಿತು ಪರೀಕ್ಷೆ ಬರೆದೆ. ಒಂದರಲ್ಲಿ ಮತ್ತೆ ಹೋಯಿತು, ಮತ್ತೆ ಬರೆದೆ. ಆ ದಿನಗಳಲ್ಲಿ ಸರ್ ಒಮ್ಮೆ ಮೇರಿ ಕ್ಯೂರಿಯ ವಿಷಯ ಹೇಳಿದರು. 1906ರ ಏಪ್ರಿಲ್ 19ರಂದು, ಮಳೆಯ ದಿನ, ಪ್ಯಾರಿಸ್ಸಿನ ಬೀದಿಯಲ್ಲಿ ಪಿಯರ್ ಕ್ಯೂರಿ ಕುದುರೆ ಗಾಡಿಯ ಚಕ್ರಕ್ಕೆ ಸಿಕ್ಕಿ ಸತ್ತರು. ಸೊರ್ಬೋನ್ ವಿಶ್ವವಿದ್ಯಾಲಯ ಪತಿಯ ಬೋಧನೆಯ ಹೊಣೆಯನ್ನು ಮೇರಿಗೆ ವಹಿಸಿತು. ಅದಕ್ಕೆ ಮೊದಲು ಅಲ್ಲಿ ಯಾವ ಹೆಂಗಸೂ ಪಾಠ ಮಾಡಿರಲಿಲ್ಲ. ನವೆಂಬರ್ 5ರಂದು ಮೊದಲ ಉಪನ್ಯಾಸ. ಸಭಾಂಗಣ ಕಿಕ್ಕಿರಿದಿತ್ತು, ತೀರಿಹೋದ ಪತಿಯ ಬಗ್ಗೆ ನಾಲ್ಕು ಮಾತು ಹೇಳುತ್ತಾರೆಂದು ಜನ ಕಾದಿದ್ದರು. ಮೇರಿ ಬಂದು ನಿಂತು, ಪಿಯರ್ ಪಾಠವನ್ನು ಎಲ್ಲಿ ನಿಲ್ಲಿಸಿದ್ದರೋ ಅಲ್ಲಿಂದಲೇ ಮುಂದುವರಿಸಿದರು. 1911ರಲ್ಲಿ ಅವರಿಗೆ ಎರಡನೆಯ ನೊಬೆಲ್ ಪ್ರಶಸ್ತಿ ಬಂದದ್ದನ್ನು ಎಲ್ಲರೂ ಹೇಳುತ್ತಾರೆ. ನನಗೆ ಮಾತ್ರ ಆ ನವೆಂಬರಿನ ಮೊದಲ ವಾಕ್ಯವೇ ದೊಡ್ಡದಾಗಿ ಕಾಣುತ್ತದೆ.

ಪದವಿ ಮುಗಿಯಿತು, ನೀರನ್ನು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಪರ್ಮಾಂಗನೇಟ್ ನನ್ನ ಕೈ ಬಿಡಲಿಲ್ಲ, ನೀರಿನಲ್ಲಿ ಬೆರೆತ ಸಾವಯವ ಕಶ್ಮಲವನ್ನು ಅಳೆಯಲು ಅದೇ ಬೇಕು. ವರ್ಷಗಳು ಬೇಗ ಕಳೆದವು.

ಆಮೇಲೆ ಅಮ್ಮ ಹಾಸಿಗೆ ಹಿಡಿದರು. ಏಳು ತಿಂಗಳು. ಆಸ್ಪತ್ರೆಯ ರಾತ್ರಿಗಳಲ್ಲಿ ನಿದ್ದೆ ಬಾರದೆ ಡ್ರಿಪ್ಪಿನ ಹನಿಗಳನ್ನು ಎಣಿಸುತ್ತಿದ್ದೆ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ನರ್ಸ್ ಹೇಳಿದಾಗ ಬೆಚ್ಚಿಬಿದ್ದೆ. ಬ್ಯುರೆಟ್ಟಿನ ಹನಿಯದೂ ಹೆಚ್ಚುಕಡಿಮೆ ಅದೇ ಲೆಕ್ಕ.

ಅಮ್ಮನಿಗೆ ಹೊರಗಿನ ಜಗತ್ತೆಂದರೆ ಒಂದು ಕಿಟಕಿ ಮತ್ತು ನಾನು. ಕೆಲಸ ಮುಗಿಸಿ ಬಂದ ಕೂಡಲೇ, "ಇವತ್ತು ಏನೇನಾಯಿತು? ಮೊದಲಿನಿಂದ ಹೇಳು" ಎನ್ನುತ್ತಿದ್ದರು. ಏನೂ ಇಲ್ಲ, ಎಲ್ಲವೂ ಎಂದಿನಂತೆಯೇ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಆ ಮುಖ ನೋಡಲಾರದೆ ನಾನು ದಿನವನ್ನು ಗಮನಿಸಲು ಕಲಿತೆ. ಬಸ್ಸಿನಲ್ಲಿ ಎದುರು ಕುಳಿತ ಮಗು ಬಿದ್ದ ಹಲ್ಲಿನ ಜಾಗವನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡದ್ದು. ಕಚೇರಿಯ ಮೆಟ್ಟಿಲಲ್ಲಿ ಅಪರಿಚಿತರಿಬ್ಬರು ಒಂದೇ ಕೊಡೆಯಡಿ ನಿಂತು ಮಳೆ ನಿಲ್ಲುವುದನ್ನು ಕಾದದ್ದು. ಬಾಗಿಲು ಕಾಯುವ ಹಿರಿಯರು ಹೊಸ ಕನ್ನಡಕ ಹಾಕಿಕೊಂಡು ದೂರದ ಫಲಕಗಳನ್ನೆಲ್ಲ ಗಟ್ಟಿಯಾಗಿ ಓದಿದ್ದು. ಇವೆಲ್ಲ ಮೊದಲೂ ನನ್ನ ಕಣ್ಣೆದುರು ನಡೆಯುತ್ತಿದ್ದವೇ. ಹೇಳಿಕೊಳ್ಳಲು ಒಬ್ಬರು ಕಾಯುತ್ತಿದ್ದಾರೆ ಎಂದಾಗ ಮಾತ್ರ ನನಗೆ ಕಾಣಿಸಿದವು. ನನ್ನ ಬದುಕಿನ ಅತ್ಯಂತ ಕಷ್ಟದ ಆ ಏಳು ತಿಂಗಳಷ್ಟು ತುಂಬಿದ ದಿನಗಳನ್ನು ನಾನು ಮತ್ತೆ ಕಂಡಿಲ್ಲ. ಇದನ್ನು ಹೇಳಲು ಸಂಕೋಚವಾಗುತ್ತದೆ, ಆದರೂ ಇದು ನಿಜ.

ಅಮ್ಮ ಹೋದ ಮೇಲೆ ಸಂಜೆಗಳು ಬರಿದಾದವು. ಆಗಲೇ ನಾನು ಇನ್ನೊಂದು ಸಂಗತಿಯನ್ನು ಓದಿ ತಿಳಿದೆ, ಬಹುಶಃ ಸರ್ ಬೇಕೆಂದೇ ಹೇಳದೆ ಬಿಟ್ಟಿದ್ದರೇನೋ. ಪಿಯರ್ ಸತ್ತ ಮೇಲೆ ಮೇರಿ ಒಂದು ದಿನಚರಿ ಬರೆದಿದ್ದರು. ಅದು ಪಿಯರ್‌ಗೇ ಹೇಳುವಂತೆ ಬರೆದದ್ದು. ಅವರ ಹುದ್ದೆ ತನಗೆ ಬಂದದ್ದನ್ನೂ ಅವರಿಗೇ ಹೇಳಿಕೊಂಡಿದ್ದಾರೆ. ಸಭೆಯ ಎದುರು ಕಣ್ಣೀರಿಲ್ಲದೆ ನಿಂತ ಆ ಹೆಂಗಸು ಪುಸ್ತಕ ತೆರೆದು ಮಾತಾಡುತ್ತಿದ್ದುದು ಇಲ್ಲದವರೊಡನೆ. ಓದಿ ಮುಗಿಸಿ ನಾನೂ ಒಂದು ಪುಸ್ತಕ ತಂದುಕೊಂಡೆ.

ಸರ್ ಕೂಡ ಈಗಿಲ್ಲ. ಅವರ ಕಂದು ಸೀಸೆಯ ವಿಷಯವನ್ನು ಅವರು ಬದುಕಿದ್ದಾಗ ಒಮ್ಮೆಯೂ ಎತ್ತಿ ಕೃತಜ್ಞತೆ ಹೇಳಲಿಲ್ಲ ಎಂಬ ನೋವಿನಿಂದಲೇ ಈ ಪತ್ರಿಕೆಗೆ ಬರೆಯಲು ಒಪ್ಪಿದೆ.

ಮೊನ್ನೆ ನಮ್ಮಲ್ಲಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮೊದಲ ಸಲ ಒಬ್ಬಳೇ ಟೈಟ್ರೇಷನ್ ಮಾಡಿದಳು. ಉಸಿರು ಬಿಗಿಹಿಡಿದು ಹನಿ ಹನಿಯಾಗಿ ಬಿಟ್ಟು, ನಸುಗೆಂಪು ನಿಂತಾಗ "ನಿಂತಿತು!" ಎಂದು ಎಲ್ಲರಿಗೂ ಕೇಳುವಂತೆ ಕೂಗಿಬಿಟ್ಟಳು. ಎಲ್ಲರೂ ತಿರುಗಿ ನೋಡಿದೆವು. ಸಂಜೆ ಪುಸ್ತಕ ತೆರೆದು, ದಿನಾಂಕ ಬರೆದು, ಅಮ್ಮನಿಗೆ ಅದನ್ನು ಮೊದಲಿನಿಂದ ಹೇಳಲು ಕುಳಿತೆ.