ಮಹಾಸಭೆಯ ನೋಟಿಸು ಸ್ಪ್ಯಾಮಿಗೆ ಬಿದ್ದಾಗ

ಸೆಪ್ಟೆಂಬರ್ ಬಂತೆಂದರೆ ಮಲೆನಾಡಿನ ಸಹಕಾರ ಸಂಘಗಳಲ್ಲಿ ಮಹಾಸಭೆಯ ಗಡಿಬಿಡಿ. ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಮಾರಾಟ ಸಂಘ ಈ ಸಲ ನೋಟಿಸನ್ನು ಅಂಚೆಯ ಜೊತೆಗೆ ಇಮೇಲಿನಲ್ಲೂ ಕಳಿಸಿತ್ತು. ತೋಟ ಇಲ್ಲಿ, ಲೆಕ್ಕಪತ್ರ ನೋಡುವ ಮಗನೋ ಮಗಳೋ ಬೆಂಗಳೂರಿನಲ್ಲಿ ಅನ್ನುವ ಮನೆಗಳು ಈಗ ಊರಿಗೆ ನಾಲ್ಕಾರು ಇವೆ, ಇಮೇಲ್ ಪಟ್ಟಿಯೂ ಹಾಗೇ ಬೆಳೆದಿದೆ. ಮರುದಿನ ಬೆಳಿಗ್ಗೆಯಿಂದಲೇ ಆಫೀಸಿಗೆ ಫೋನು: “ಎಂತ ಮಾರಾಯ್ರೆ, ಈ ವರ್ಷ ನೋಟಿಸೇ ಇಲ್ವಾ?” ನೋಟಿಸು ಕಳಿಸಿದ ಲೆಕ್ಕದ ಸಾಫ್ಟ್‌ವೇರ್ ನೋಡಿದರೆ ಎಲ್ಲದರ ಮುಂದೆಯೂ ‘ಸೆಂಟ್’ ಎಂದಿದೆ. ಹೋಗಿದ್ದು ನಿಜ, ಹೋಗಿ ಕೂತದ್ದು ಸ್ಪ್ಯಾಮ್ ಫೋಲ್ಡರಿನಲ್ಲಿ.

ಇಂಥ ಹೊತ್ತಿನಲ್ಲಿ ಎಲ್ಲರೂ ಗೂಗಲನ್ನು ಬಯ್ಯುತ್ತಾರೆ. ಬೈಗುಳಕ್ಕೆ ಮೊದಲು ನೋಡಬೇಕಾದ್ದು ಬೇರೆ. ಸದಸ್ಯರೊಬ್ಬರ ಜಿಮೇಲನ್ನು ಕಂಪ್ಯೂಟರಿನಲ್ಲಿ ತೆರೆಸಿ (ಮೊಬೈಲ್ ಆ್ಯಪಿನಲ್ಲಿ ಇದು ಸಿಗುವುದಿಲ್ಲ), ಆ ಮೇಲಿನ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ತೆಗೆದರೆ ಮೇಲ್ಗಡೆಯೇ ಒಂದು ಪುಟ್ಟ ಕೋಷ್ಟಕ ಬರುತ್ತದೆ. ಮೇಲ್ ನಿಜಕ್ಕೂ ಆ ವಿಳಾಸದವರದೇ ಎಂದು ನೋಡುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ಪರೀಕ್ಷೆಗಳ ಫಲ ಅದರಲ್ಲಿರುತ್ತದೆ. ಇಲ್ಲಿ ಎಸ್‌ಪಿಎಫ್ ಮುಂದೆ ‘ಪರ್ಮ್‌ಎರರ್’ (ದಾಖಲೆಯೇ ತಪ್ಪು) ಎಂದಿತ್ತು. ಡಿಕೆಐಎಂ, ಡಿಮಾರ್ಕ್ ಸಾಲುಗಳೇ ಇರಲಿಲ್ಲ. ಅಲ್ಲಿಗೆ ಅರ್ಧ ಕಾಯಿಲೆ ಗೊತ್ತಾದ ಹಾಗೆ.

ನಮ್ಮ ಡೊಮೈನ್ (ಇಮೇಲ್ ವಿಳಾಸದಲ್ಲಿ @ ಆದ ಮೇಲಿನ ಭಾಗ) ಹೆಸರಿನಲ್ಲಿ ಯಾವ ಯಾವ ಸರ್ವರುಗಳು ಮೇಲ್ ಕಳಿಸಬಹುದು ಎಂದು ಡಿಎನ್‌ಎಸ್‌ನಲ್ಲಿ, ಅಂದರೆ ಡೊಮೈನಿನ ವಿವರಗಳನ್ನು ಯಾರು ಬೇಕಾದರೂ ಓದಬಹುದಾದ ಇಂಟರ್‌ನೆಟ್ ದಾಖಲೆಯಲ್ಲಿ, ಬರೆದಿಡುವ ಒಂದು ಸಾಲೇ ಎಸ್‌ಪಿಎಫ್. ಒಂದೇ ಸಾಲು ಇರಬೇಕು, ಎರಡಿದ್ದರೆ ಓದುವ ಸರ್ವರು ಎರಡನ್ನೂ ಬಿಟ್ಟು ‘ಪರ್ಮ್‌ಎರರ್’ ಎಂದು ಕೈತೊಳೆದುಕೊಳ್ಳುತ್ತದೆ. ಸಂಘ ಹಿಂದೆ ಹೋಸ್ಟಿಂಗ್ ಕಂಪನಿಯ ಮೇಲ್ ಬಳಸುತ್ತಿತ್ತು, ಆಮೇಲೆ ಗೂಗಲ್ ವರ್ಕ್‌ಸ್ಪೇಸಿಗೆ ಬಂತು. ಹೊಸ ಸಾಲು ಸೇರಿಸಿದವರು ಹಳೆಯದನ್ನು ತೆಗೆದಿರಲಿಲ್ಲ. ಲೆಕ್ಕದ ಸಾಫ್ಟ್‌ವೇರ್ ಮಾರಿದವರ ಸರ್ವರು ಎರಡರಲ್ಲೂ ಇರಲಿಲ್ಲ, ನೋಟಿಸು ಹೋಗಿದ್ದು ಅಲ್ಲಿಂದ. ಎಲ್ಲವನ್ನೂ ಸೇರಿಸಿ ಒಂದೇ ಸಾಲು ಮಾಡಿದೆವು. ಹೀಗೆ ಸೇರಿಸುವಾಗಲೂ ಒಂದು ಮಿತಿಯಿದೆ: ಆ ಸಾಲನ್ನು ಬಿಡಿಸಿ ಓದಲು ಬೇಕಾಗುವ ಡಿಎನ್‌ಎಸ್ ಹುಡುಕಾಟ 10 ದಾಟಬಾರದು. ಬೇರೆ ಸೇವೆಯ ಪಟ್ಟಿಯನ್ನು ಎಳೆದು ತರುವ ಒಂದು ‘ಇನ್‌ಕ್ಲೂಡ್’ ಒಳಗೆ ಇನ್ನೂ ಮೂರು ಇದ್ದರೆ ಅವೂ ಲೆಕ್ಕಕ್ಕೆ ಸೇರುತ್ತವೆ. ಬಿಟ್ಟುಹೋದ ಸೇವೆಗಳ ಹೆಸರನ್ನು ಯಾರೂ ಅಳಿಸುವುದಿಲ್ಲವಾದ್ದರಿಂದ ಈ 10 ಬಹಳ ಬೇಗ ಮುಗಿಯುತ್ತದೆ.

ಡಿಕೆಐಎಂ ಅಂದರೆ ಪ್ರತಿ ಮೇಲಿಗೂ ಬೀಳುವ ಗೂಢಲಿಪಿ ಸಹಿ. ಆ ಸಹಿಯನ್ನು ಪರೀಕ್ಷಿಸುವ ಕೀಲಿಯನ್ನೂ ಡಿಎನ್‌ಎಸ್‌ನಲ್ಲೇ ಇಡಬೇಕು, ಅದು 2048 ಬಿಟ್ಟಿನದು ಇರಲಿ. ಡಿಎನ್‌ಎಸ್‌ನಲ್ಲಿ ಒಂದು ತುಣುಕಿಗೆ 255 ಅಕ್ಷರಗಳ ಮಿತಿ, 2048 ಬಿಟ್ಟಿನ ಕೀಲಿ ಅದಕ್ಕಿಂತ ಉದ್ದ. ಒಳ್ಳೆಯ ಪ್ಯಾನಲ್ಲುಗಳು ತಾವೇ ಎರಡು ತುಣುಕು ಮಾಡಿಕೊಳ್ಳುತ್ತವೆ. ಹಳೆಯವು ಸದ್ದಿಲ್ಲದೆ ಬಾಲ ಕತ್ತರಿಸಿ ‘ಸೇವ್ಡ್’ ಎನ್ನುತ್ತವೆ. ಅಂಟಿಸಿದ ಮೇಲೆ ಹೊರಗಿನಿಂದ ಒಮ್ಮೆ ಓದಿ, ಕೊನೆಯ ಅಕ್ಷರದವರೆಗೂ ಬಂದಿದೆಯೇ ಎಂದು ತಾಳೆ ನೋಡುವುದು ವಾಸಿ. ಸಾಫ್ಟ್‌ವೇರಿನವರ ಸರ್ವರಿಗೂ ಅದರದೇ ಬೇರೆ ಕೀಲಿ ಬೇಕು. ಗೂಗಲ್ಲಿನ ಕೀಲಿ ಅವರ ಮೇಲಿಗೆ ಸಹಿ ಹಾಕುವುದಿಲ್ಲ.

ಈ ಎರಡರ ಮೇಲೆ ನಿಲ್ಲುವುದು ಡಿಮಾರ್ಕ್. ಓದುಗನಿಗೆ ಕಾಣುವ ‘ಫ್ರಮ್’ ವಿಳಾಸದ ಡೊಮೈನಿಗೂ ಎಸ್‌ಪಿಎಫ್ ಅಥವಾ ಡಿಕೆಐಎಂ ಒಪ್ಪಿದ ಡೊಮೈನಿಗೂ ಹೊಂದಿಕೆಯಾಗುತ್ತದೆಯೇ ಎಂದು ಅದು ನೋಡುತ್ತದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲನ್ನು ಜಿಮೇಲ್ ವಿಳಾಸಗಳಿಗೆ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಈ ಮೂರೂ ಕಡ್ಡಾಯ. ಸಣ್ಣವರಿಗೆ ಎಸ್‌ಪಿಎಫ್ ಅಥವಾ ಡಿಕೆಐಎಂ ಒಂದಿದ್ದರೂ ನಡೆಯುತ್ತದೆ ಎನ್ನುತ್ತದೆ ನಿಯಮ. ಹಾಗೆಂದು ಒಂದಕ್ಕೇ ನಿಲ್ಲಿಸುವವರು ಮುಂದಿನ ಸೆಪ್ಟೆಂಬರಿಗೆ ಮತ್ತೆ ಫೋನು ಎತ್ತಬೇಕಾದೀತು.

ಹೊಂದದ ಮೇಲನ್ನು ಏನು ಮಾಡಬೇಕೆಂದೂ ಡಿಮಾರ್ಕಿನಲ್ಲಿ ಹೇಳಬೇಕು. ಅದನ್ನು ಮೊದಲ ದಿನವೇ ‘ರಿಜೆಕ್ಟ್’ಗೆ (ತಿರಸ್ಕರಿಸು) ಇಡಬಾರದು. ‘ನನ್’ (ಏನೂ ಮಾಡಬೇಡ) ಎಂದಿಟ್ಟು, ವರದಿ ಬರುವ ವಿಳಾಸ ಕೊಟ್ಟರೆ ಸಾಕು. ಮರುದಿನದಿಂದ ಗೂಗಲ್, ಯಾಹೂ ಮುಂತಾದವರು ಜಿಪ್ ಮಾಡಿದ ಎಕ್ಸ್‌ಎಂಎಲ್ ಕಡತ ಕಳಿಸತೊಡಗುತ್ತಾರೆ: ಯಾವ ಐಪಿಯಿಂದ ಎಷ್ಟು ಮೇಲ್ ಬಂತು, ಎಷ್ಟು ಪಾಸು, ಎಷ್ಟು ಫೇಲು. ಈ ಸಂಘದ ವರದಿಯಲ್ಲಿ ಸಿಕ್ಕಿದ ಸಂಗತಿಯನ್ನು ನೆನೆದರೆ ಈಗಲೂ ನಗು ಬರುತ್ತದೆ. ಹಳೆಯ ಹೋಸ್ಟಿಂಗ್ ಸರ್ವರಿನಿಂದ ಸಂಘ ಕಳಿಸದೇ ಇದ್ದ ನೂರಾರು ಮೇಲುಗಳು ಹೊರಟಿದ್ದವು. ವೆಬ್‌ಸೈಟಿನ ವಿಚಾರಣೆ ಫಾರಂ ತುಂಬಿದವರಿಗೆ “ನಿಮ್ಮ ಸಂದೇಶ ತಲುಪಿದೆ” ಎಂಬ ಉತ್ತರ ತಾನಾಗಿ ಹೋಗುತ್ತಿತ್ತು, ಅದರ ಕೆಳಗೆ ಅವರು ಬರೆದ ಸಂದೇಶವೂ. ಸ್ಪ್ಯಾಮಿನವರು ಫಾರಂನಲ್ಲಿ ಬೇರೆಯವರ ಇಮೇಲ್ ಹಾಕಿ, ಸಂದೇಶದ ಜಾಗದಲ್ಲಿ ಜಾಹೀರಾತು ಅಂಟಿಸುತ್ತಿದ್ದರು. ಸಂಘ ತನ್ನ ಖರ್ಚಿನಲ್ಲಿ, ತನ್ನ ಹೆಸರಿನಲ್ಲಿ ಅದನ್ನು ಜಗತ್ತಿಗೆಲ್ಲ ಹಂಚುತ್ತಿತ್ತು! ಉತ್ತರದಲ್ಲಿ ಸಂದೇಶವನ್ನು ಮರಳಿ ಬರೆಯುವುದನ್ನು ತೆಗೆದೆವು, ಮನುಷ್ಯರಿಗೆ ಕಾಣದ ಒಂದು ಖಾಲಿ ಜಾಗವನ್ನು ಫಾರಂನಲ್ಲಿ ಇಟ್ಟೆವು. ಅದನ್ನು ತುಂಬುವುದು ಯಂತ್ರ ಮಾತ್ರ, ತುಂಬಿದರೆ ಅರ್ಜಿ ಕಸಕ್ಕೆ.

ಇನ್ನು ಪಟ್ಟಿ. ‘550 5.1.1’ ಎಂದು ವಾಪಸಾದ ವಿಳಾಸ ಇಲ್ಲವೇ ಇಲ್ಲ ಎಂದರ್ಥ, ಅಂದೇ ತೆಗೆಯಬೇಕು. 4ರಿಂದ ಶುರುವಾಗುವ ಸಂಖ್ಯೆ ಬಂದರೆ ತಾತ್ಕಾಲಿಕ ತೊಂದರೆ, ಇರಲಿ. ಗೂಗಲ್ ಪ್ರಕಾರ ‘ಸ್ಪ್ಯಾಮ್’ ಒತ್ತುವವರ ಪ್ರಮಾಣ ಶೇ 0.1ರ ಕೆಳಗಿರಬೇಕು, 0.3 ಮುಟ್ಟಲೇಬಾರದು. ಸಾವಿರ ಮೇಲಿಗೆ ಮೂರು ಜನ ಒತ್ತಿದರೆ ಮುಗಿಯಿತು. ಮಹಾಸಭೆಯ ನೋಟಿಸನ್ನು ಯಾರೂ ಸ್ಪ್ಯಾಮ್ ಅನ್ನುವುದಿಲ್ಲ, ಅದೇ ವಿಳಾಸದಿಂದ ವಾರಕ್ಕೆರಡು ಸಲ ಗೊಬ್ಬರದ ರಿಯಾಯಿತಿ ಹೋದರೆ ಅನ್ನುತ್ತಾರೆ. ಆ ಕೋಪದ ಫಲ ನೋಟಿಸಿಗೂ ತಟ್ಟುತ್ತದೆ. ಜಾಹೀರಾತಿಗೆ ಬೇರೆ ಸಬ್‌ಡೊಮೈನ್ ಮಾಡಿ, ಒಂದೇ ಒತ್ತಿನಲ್ಲಿ ಹೊರಬರುವ ‘ಅನ್‌ಸಬ್‌ಸ್ಕ್ರೈಬ್’ ಇಟ್ಟು, ಬೇಡ ಎಂದವರನ್ನು ಎರಡು ದಿನದೊಳಗೆ ಕೈಬಿಡಬೇಕು.

“ಇಮೇಲ್ ಕಥೆ ಆಮೇಲೆ ನೋಡುವ, ಎಸ್‌ಎಂಎಸ್ ಆದ್ರೂ ಹಾಕಿ” ಅಂದರು ಕಾರ್ಯದರ್ಶಿ. ಅದೂ ಹೋಗಲಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್‌ನ 2018ರ ನಿಯಮದಂತೆ ವ್ಯಾಪಾರಿ ಸಂಸ್ಥೆ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ತನ್ನ ಹೆಸರು, ಕಳಿಸುವ ಹೆಡರ್ (ಕಳಿಸಿದವರ ಜಾಗದಲ್ಲಿ ಕಾಣುವ ಕಿರುಹೆಸರು), ಸಂದೇಶದ ಟೆಂಪ್ಲೇಟ್ (ಮಾದರಿ ಪಠ್ಯ) ಮೂರನ್ನೂ ನೋಂದಾಯಿಸಿರಬೇಕು. ಹೊರಡುವ ಸಂದೇಶ ಒಪ್ಪಿಗೆಯಾದ ಟೆಂಪ್ಲೇಟಿಗೆ ಅಕ್ಷರಶಃ ಹೊಂದದಿದ್ದರೆ ದಾರಿಯಲ್ಲೇ ಬೀಳುತ್ತದೆ. ಇಲ್ಲಿ ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ನೋಡಿದರೂ ವ್ಯತ್ಯಾಸವಿಲ್ಲ. ಕೊನೆಗೆ ಒಂದೊಂದು ಅಕ್ಷರದ ಯುನಿಕೋಡ್ ಸಂಖ್ಯೆ ತೆಗೆಸಿದಾಗ ಗೊತ್ತಾಯಿತು: ‘ಯಾರ್ಡ್ ಸಭಾಂಗಣ’ ಎಂಬಲ್ಲಿ ‘ಯಾರ್ಡ್’ ಆದ ಮೇಲೆ, ಒತ್ತಕ್ಷರ ಮೂಡದಂತೆ ತಡೆಯುವ ಕಣ್ಣಿಗೆ ಕಾಣದ ಅಕ್ಷರವೊಂದು ಕೂತಿತ್ತು. ಕೆಲವು ಕೀಲಿಮಣೆಗಳು ಅರ್ಧಾಕ್ಷರದ ಬೆನ್ನಿಗೆ ಅದನ್ನು ತಾವೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಟೆಂಪ್ಲೇಟ್ ಟೈಪಿಸಿದ್ದು ಒಂದರಲ್ಲಿ, ಸಂದೇಶ ಇನ್ನೊಂದರಲ್ಲಿ. ಕನ್ನಡದಲ್ಲಿ ಕಳಿಸುವವರು ಒಪ್ಪಿಗೆಯಾದ ಪಠ್ಯವನ್ನು ಪೋರ್ಟಲಿನಿಂದಲೇ ನಕಲು ಮಾಡಿಕೊಳ್ಳಲಿ, ಮತ್ತೆ ಟೈಪ್ ಮಾಡುವುದು ಬೇಡ.

ಉದ್ದದ ಲೆಕ್ಕವೂ ಕನ್ನಡಕ್ಕೆ ಬೇರೆ. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡದಲ್ಲಿ 70. ಅದನ್ನು ದಾಟಿದರೆ ತುಂಡಿಗೆ 67. ಅದೂ ನಾವು ಎಣಿಸುವ ಅಕ್ಷರವಲ್ಲ. ಗುಣಿತ, ವಿರಾಮ, ಒತ್ತು ಎಲ್ಲವೂ ಬೇರೆ ಬೇರೆ. ನಾಲ್ಕಕ್ಷರದ ‘ತೀರ್ಥಹಳ್ಳಿ’ಗೆ 10 ಹೋಗುತ್ತದೆ. ಸಂದೇಶದಲ್ಲಿ ಲಿಂಕ್ ಇದ್ದರೆ ಅದನ್ನೂ ಮೊದಲೇ ಡಿಎಲ್‌ಟಿ ಪಟ್ಟಿಗೆ ಸೇರಿಸಿರಬೇಕು, 2024ರ ಅಕ್ಟೋಬರ್ 1ರಿಂದ ಪಟ್ಟಿಯಲ್ಲಿಲ್ಲದ ಲಿಂಕ್ ಹೋಗುವುದಿಲ್ಲ. ಪಡೆಯುವವರಿಗೂ ಒಂದು ಗುರುತಿದೆ: ಹೆಡರಿನ ತುದಿಯಲ್ಲಿ ಇಂಗ್ಲಿಷಿನ ‘ಪಿ’ ಇದ್ದರೆ ಜಾಹೀರಾತು, ‘ಎಸ್’ ಸೇವೆ, ‘ಟಿ’ ವಹಿವಾಟು, ‘ಜಿ’ ಸರ್ಕಾರ. ಬೇಡದ ಜಾಹೀರಾತಿನ ಮೇಲೆ 1909ಕ್ಕೆ ದೂರಲು 2025ರ ತಿದ್ದುಪಡಿಯಂತೆ ಏಳು ದಿನ ಅವಕಾಶವಿದೆ.

ಒಳಬರುವ ಕಸದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಶೋಧಕಗಳು ಚೆನ್ನಾಗಿವೆ. ಅವನ್ನು ಕೆಡಿಸುವುದು ನಾವೇ ಬರೆಯುವ ವಿನಾಯಿತಿ ಪಟ್ಟಿ. ಒಬ್ಬ ಖರೀದಿದಾರನ ಮೇಲ್ ಒಮ್ಮೆ ಸ್ಪ್ಯಾಮಿಗೆ ಬಿತ್ತೆಂದು ಇಡೀ ಜಿಮೇಲ್ ಡೊಮೈನನ್ನೇ ‘ಸದಾ ಬಿಡು’ ಎಂದು ಹಾಕಿದ ಆಫೀಸುಗಳಿವೆ. ತಮ್ಮದೇ ಡೊಮೈನನ್ನು ಹಾಕಿಕೊಂಡವರೂ ಇದ್ದಾರೆ, ಅಂಥಲ್ಲಿ ಅಧ್ಯಕ್ಷರ ಹೆಸರಿನ ನಕಲಿ ಮೇಲ್ ನೇರ ಒಳಗೇ ಬರುತ್ತದೆ.

ನಿಜವಾದ ಭಯ ಇರುವುದು ಸ್ಪ್ಯಾಮಿನಂತೆ ಕಾಣದ ಒಂದೇ ಒಂದು ಮೇಲಿನಲ್ಲಿ. “ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸದಕ್ಕೆ ಹಾಕಿ” ಎಂದು ಚೀಲ ಪೂರೈಸುವವರ ಹೆಸರಿನಲ್ಲಿ ಬರುತ್ತದೆ, ಹಳೆಯ ಬಿಲ್ಲಿನ ಸಂಖ್ಯೆ ಸಮೇತ. ವಿಳಾಸದಲ್ಲಿ ಇಂಗ್ಲಿಷಿನ ‘ಎಂ’ ಜಾಗದಲ್ಲಿ ‘ಆರ್’, ‘ಎನ್’ ಅಕ್ಕಪಕ್ಕ ಕೂತಿರುತ್ತವೆ. ಆ ಡೊಮೈನ್ ಕೊಂಡವನು ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಮೂರನ್ನೂ ಶಿಸ್ತಾಗಿ ಹಾಕಿಕೊಂಡಿರುತ್ತಾನೆ, ಮೂರೂ ಪಾಸು. ಮೇಲ್ ಯಾವ ಡೊಮೈನಿನದು ಎಂದಷ್ಟೇ ಈ ಮೂರು ಹೇಳುತ್ತವೆ, ಕಳಿಸಿದವನು ಸಾಚಾ ಎಂದಲ್ಲ. ಹಾಗಾಗಿ ಖಾತೆ ಬದಲಾವಣೆಯ ಮಾತು ಬಂದರೆ ಆ ಮೇಲಿನಲ್ಲಿರುವ ನಂಬರಿಗಲ್ಲ, ಹಳೆಯ ರಿಜಿಸ್ಟರಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಬೇಕು. ಕೇಳಿದವರು ಒಬ್ಬರು, ಹಣ ಬಿಡುವವರು ಇನ್ನೊಬ್ಬರು ಆಗಿರಬೇಕು. ಹಣ ಹೋಗಿಯೇಬಿಟ್ಟಿದ್ದರೆ ಬ್ಯಾಂಕಿಗೂ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಕೂಡಲೇ ಕರೆ ಮಾಡಬೇಕು, ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯಲು ಸಿಗುವುದು ಅಷ್ಟೇ ಹೊತ್ತು.