ಮೂರನೇ ಟೀಚರ್ ಕೇಳಿದ ಪ್ರಶ್ನೆ

41ನೇ ವಯಸ್ಸಿಗೆ ಪಿಟೀಲು ಕಲಿಯಲು ಶುರು ಮಾಡಿದೆ. ವರ್ಷದೊಳಗೆ ಮೂವರ ಹತ್ತಿರ ಪಾಠ ಹೇಳಿಸಿಕೊಂಡೆ. ಟೀಚರ್ ಹುಡುಕುತ್ತಿರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ಪಿಟೀಲಿಗೆ ಗಿಟಾರಿನ ಹಾಗೆ ಬೆರಳಿನ ಜಾಗ ತೋರಿಸುವ ಮೆಟ್ಟಿಲುಗಳಿಲ್ಲ. ಬೆರಳು ಎರಡು ಮೂರು ಮಿಲಿಮೀಟರ್ ಆಚೀಚೆ ಆದರೂ ಶ್ರುತಿ ಕೆಡುತ್ತದೆ. ಅಂದರೆ ಮೊದಲ ವರ್ಷಪೂರ್ತಿ ತಪ್ಪುಗಳೇ. ಹಾಗಾಗಿ ನಾವು ತಪ್ಪಿದ ಮರುಕ್ಷಣ ಟೀಚರ್ ಏನು ಮಾಡುತ್ತಾರೆ ಅನ್ನುವುದನ್ನೇ ನಾನು ಈಗ ಎಲ್ಲಕ್ಕಿಂತ ಮೊದಲು ನೋಡುತ್ತೇನೆ.

ಮೊದಲನೆಯವರು ಬೆರಳು ಇಡುವ ಜಾಗಕ್ಕೆಲ್ಲ ಸ್ಟಿಕ್ಕರ್ ಅಂಟಿಸಿಕೊಟ್ಟರು. ತಪ್ಪಿದರೆ ಒಂದೇ ಮಾತು, 'ಮತ್ತೆ ಮೊದಲಿಂದ'. ಏನು ತಪ್ಪಿತು ಅಂತ ಹೇಳುತ್ತಿರಲಿಲ್ಲ. ಸ್ಟಿಕ್ಕರ್ ಮೇಲೆ ಬೆರಳು ಬಿದ್ದರೆ ಸ್ವರ ಸರಿ ಅಂತ ನಾನು ನಂಬಿಕೊಂಡೆ. ಕಣ್ಣು ಕಲಿಯಿತು, ಕಿವಿ ಕಲಿಯಲಿಲ್ಲ. ಆದರೆ ಕಮಾನು ಹಿಡಿಯುವುದನ್ನು ಅವರಷ್ಟು ಚೆನ್ನಾಗಿ ಯಾರೂ ಹೇಳಿಕೊಟ್ಟಿಲ್ಲ. ಹೆಬ್ಬೆರಳು ಮಡಿಸಿ, ಭುಜ ಸಡಿಲ ಬಿಟ್ಟು, ಕಮಾನನ್ನು ಬ್ರಿಡ್ಜ್‌ಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಸಮಾನಾಂತರವಾಗಿ ಎಳೆಯುವುದು ಅವರಿಂದಲೇ ಬಂದಿದ್ದು. ಅದಕ್ಕೆ ನಾನು ಋಣಿ.

ಎರಡನೆಯದು ವಿಡಿಯೋ ಕ್ಲಾಸ್. ಮೊದಲ ವಾರದಿಂದಲೇ ಹಾಡು. ಶಬ್ದ ತಡವಾಗಿ ತಲುಪುವುದರಿಂದ ಇಬ್ಬರೂ ಒಟ್ಟಿಗೆ ನುಡಿಸಲು ಆಗುತ್ತಿರಲಿಲ್ಲ. ಎಷ್ಟು ಅಪಸ್ವರ ಬಂದರೂ 'ಚೆನ್ನಾಗಿದೆ' ಅನ್ನುತ್ತಿದ್ದರು. ಆರು ವಾರಕ್ಕೆ ಬಿಟ್ಟೆ.

ಮೂರನೆಯವರ ಹತ್ತಿರ ಮೊದಲು ಅರ್ಧ ಗಂಟೆಯ ಟ್ರಯಲ್ ಕ್ಲಾಸ್. ಪಿಟೀಲನ್ನು ಪೆಟ್ಟಿಗೆಯಿಂದ ತೆಗೆಯಲೇ ಬಿಡಲಿಲ್ಲ. ಅವರು ತಮ್ಮ ಪಿಟೀಲಿನ ನಾಲ್ಕು ತಂತಿಗಳಲ್ಲಿ 'ಎ' ಅನ್ನುವ ತಂತಿ ಮೀಟಿ, ಅದೇ ಸ್ವರವನ್ನು ಗುನುಗಲು ಹೇಳಿದರು. ನನಗೆ ನಾಚಿಕೆ. ಅವರು ಕಾದರು. ಗುನುಗಿದ ಮೇಲೆ ಪಿಟೀಲು ಕೈಗೆ ಬಂತು. ನುಡಿಸಿದೆ. ಸ್ವರ ಸ್ವಲ್ಪ ಇಳಿದಿತ್ತು ಅಂತ ಈಗ ಗೊತ್ತು. ಅವರು ತಿದ್ದಲಿಲ್ಲ, ಕೇಳಿದರು: 'ನಿಮಗೆ ಹೇಗೆ ಕೇಳಿಸ್ತು?'

ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಉತ್ತರ ಹೊಳೆಯಲಿಲ್ಲ.

ಆಗ ಅವರು 'ಎ' ತಂತಿಯ ಮೇಲೆ ಮೂರನೇ ಬೆರಳು ಇಡಿಸಿದರು. ಅದು 'ಡಿ' ಸ್ವರ. ಪಕ್ಕದಲ್ಲೇ ಖಾಲಿ 'ಡಿ' ತಂತಿ ಇದೆ, ಒಂದು ಸ್ಥಾಯಿ ಕೆಳಗೆ. ಬೆರಳು ಸರಿಯಾದ ಜಾಗಕ್ಕೆ ಬಂದರೆ, ಯಾರೂ ಮುಟ್ಟದ ಆ ತಂತಿ ತಾನೇ ಮಿಡಿಯುತ್ತದೆ. ನಾನು ಬೆರಳನ್ನು ಕೂದಲೆಳೆಯಷ್ಟು ಮೇಲೆ ಕೆಳಗೆ ಜರುಗಿಸುತ್ತಾ ಹೋದೆ. ಒಂದು ಕಡೆ ಇಡೀ ಪಿಟೀಲು ಗುಂಯ್ ಎಂದಿತು. ಗದ್ದಕ್ಕೆ ಆ ನಡುಕ ತಾಗಿತು. 'ಮನೇಲಿ ನಾನಿರಲ್ಲ, ಆ ತಂತಿ ಇರತ್ತೆ, ಅದನ್ನ ಕೇಳಿ' ಅಂದರು. ಅವತ್ತೇ ಸೇರಿಕೊಂಡೆ.

ಮಕ್ಕಳು ತಾಯ್ನುಡಿಯನ್ನು ಕೇಳಿ ಕೇಳಿ ಕಲಿಯುವ ಹಾಗೆ ಸಂಗೀತವನ್ನೂ ಕಲಿಯಬಹುದು ಅಂತ ಜಪಾನಿನ ಪಿಟೀಲು ಶಿಕ್ಷಕ ಶಿನಿಚಿ ಸುಜುಕಿ ಹೇಳಿದ್ದರು. ಆ ಪದ್ಧತಿಯಲ್ಲಿ ಕೇಳುವುದು ಮೊದಲು, ಸ್ವರಲಿಪಿ ಆಮೇಲೆ. ನಮ್ಮ ಟೀಚರ್ ಅದನ್ನು ಅರ್ಧ ಮಾತ್ರ ತೆಗೆದುಕೊಂಡಿದ್ದಾರೆ. ದೊಡ್ಡವರಿಗೆ ಓದಲು ಬರುತ್ತದೆ, ಸುಮ್ನೆ ಯಾಕೆ ಕಾಯಿಸಬೇಕು ಅಂತ ಎರಡನೇ ವಾರಕ್ಕೇ ಪುಸ್ತಕ ತೆರೆಸಿದರು. ಹೀಗೆ ಎದುರಿಗಿರುವವರನ್ನು ನೋಡಿ ಪದ್ಧತಿ ಬದಲಿಸುವವರು ಸಿಕ್ಕರೆ ಬಿಡಬೇಡಿ.

ಫೀಸು, ತಪ್ಪಿಸಿದ ಕ್ಲಾಸಿನ ಲೆಕ್ಕ, ಇವನ್ನೆಲ್ಲ ಮೊದಲೇ ಕೇಳಿ, ಮುಗಿಸಿಬಿಡಿ. ಅದಕ್ಕಿಂತ ಜಾಸ್ತಿ ಮುಖ್ಯವಾದದ್ದು, ಮನೆಯಲ್ಲಿ ಹೇಗೆ ಅಭ್ಯಾಸ ಮಾಡಬೇಕು ಅಂತ ಅವರು ಹೇಳಿಕೊಡುತ್ತಾರಾ ಅನ್ನುವುದು. 'ದಿನಾ ಒಂದು ಗಂಟೆ ನುಡಿಸಿ' ಅಂದರೆ ಏನೂ ಹೇಳಿದ ಹಾಗಾಗಲಿಲ್ಲ, ಅಲ್ವಾ? ನನ್ನ ನೋಟ್‌ಬುಕ್ಕಿನಲ್ಲಿ ಈ ವಾರ ಇರುವುದು ಇಷ್ಟೇ: ಎರಡು ಸಾಲು, ನಿಧಾನವಾಗಿ, ಒಂದು ಸಲ ಕಣ್ಣು ಮುಚ್ಚಿ. ಆಗುವುದಾದರೆ ಬೇರೆ ವಿದ್ಯಾರ್ಥಿಯ ಪಾಠವನ್ನೂ ಒಮ್ಮೆ ಕೂತು ನೋಡಿ.

ಹಳೆಯ ಸ್ಟಿಕ್ಕರ್‌ಗಳನ್ನು ಕೀಳಿ ಅಂತ ಅವರು ಇದುವರೆಗೂ ಹೇಳಿಲ್ಲ. ಹೋದ ಭಾನುವಾರ ಮೂರನೇ ಬೆರಳಿನದನ್ನು ನಾನೇ ಕಿತ್ತೆ. ಎರಡನೇ ಬೆರಳಿನದು ಹಾಗೇ ಇದೆ. ಆ ಸ್ವರಕ್ಕೆ ದನಿಗೂಡಿಸುವ ಖಾಲಿ ತಂತಿ ಇಲ್ಲ. ದಿನಾ ಗುನುಗಿ ನೋಡಿಕೊಂಡೇ ಬೆರಳು ಇಡುತ್ತಿದ್ದೇನೆ.